ನೀರಿಗಿಳಿಯುವ ಕ್ಯಾಮೆರಾ ದೊಡ್ಡದೇ ಇರಬೇಕೇ?

ನೀರೊಳಗೆ ಫೋಟೋ ತೆಗೆಯುವ ಆಸೆ ಹೊತ್ತು ಸ್ಟುಡಿಯೋಗೆ ಬರುವ ಹುಡುಗರು ಮೊದಲು ಕೇಳುವುದು ಯಾವ ಕ್ಯಾಮೆರಾ ಎಂದು. ನಾನು ಮೊದಲು ಕೇಳುವುದು ಯಾವ ನೀರು ಎಂದು. ತುಮಕೂರಿನ ಈಜುಕೊಳವೇ, ಕುಣಿಗಲ್ ದೊಡ್ಡಕೆರೆಯೇ, ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪವೇ? ಅಷ್ಟನ್ನೂ ವಿಚಾರಿಸದೆ ಡಿಎಸ್‌ಎಲ್‌ಆರ್ ತಗೊಳ್ಳಿ, ಕಾಂಪ್ಯಾಕ್ಟ್ ತಗೊಳ್ಳಿ ಎಂದು ಯಾರಾದರೂ ಸಲಹೆ ಕೊಟ್ಟರೆ ಆ ಮಾತನ್ನು ನಂಬಿ ದುಡ್ಡು ಹಾಕಬೇಡಿ.

ನನ್ನ ಸ್ಟುಡಿಯೋ ಇರುವುದು ತುಮಕೂರಿನ ಬಿ.ಎಚ್. ರಸ್ತೆಯಲ್ಲಿ. ಮದುವೆ, ನಾಮಕರಣ, ಗೃಹಪ್ರವೇಶದ ಫೋಟೋಗಳೇ ನಮ್ಮ ಅನ್ನ. ಊರು ಗುಬ್ಬಿ ತಾಲ್ಲೂಕು. ಈಜು ಕಲಿತದ್ದು ತೆಂಗಿನ ತೋಟದ ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು. ಇದೇ ಬಿ.ಎಚ್. ರಸ್ತೆ ಗುಬ್ಬಿ, ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ಹಾದು ಹೊನ್ನಾವರದ ಕಡಲಿಗೆ ಮುಟ್ಟುತ್ತದೆ. ಅಲ್ಲಿಂದ ಮುರ್ಡೇಶ್ವರ ಮುಕ್ಕಾಲು ಗಂಟೆಯ ದಾರಿಯೂ ಅಲ್ಲ. 2022ರ ಅಕ್ಟೋಬರ್‌ನಲ್ಲಿ ‘ಗಂಧದ ಗುಡಿ’ ತೆರೆಕಂಡು, ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿಗೆ ಇಳಿದದ್ದನ್ನು ನೋಡಿದ ಮೇಲೆ ನಮ್ಮ ಕಡೆಯ ಹುಡುಗರೂ ಆ ದಾರಿ ಹಿಡಿದರು. ನನ್ನ ಅಂಗಡಿಯಲ್ಲಿ ಈ ಪ್ರಶ್ನೆ ಹೆಚ್ಚಾದದ್ದು ಆಗಿನಿಂದ.

ಕುಣಿಗಲ್ ಕಡೆಯಿಂದ ಬಂದ ಒಬ್ಬ ಹುಡುಗ ಕೇಳಿದ: “ಅಣ್ಣ, ಮದ್ವೆ ಕೆಲ್ಸಕ್ಕೆ ತಗಂಡಿರೋ ಕ್ಯಾನನ್ ಫೈವ್‌ಡಿ ಐತೆ. ಅದಕ್ಕೇ ಒಂದು ಕವರ್ ಹಾಕಿ ಇಳಿಸ್ಬೋದಲ್ವಾ?” ನಾನಂದೆ: “ಇಳಿಸ್ಬೋದಪ್ಪ. ಎಷ್ಟು ಆಳಕ್ಕೆ ಇಳಿಸ್ತೀಯ ಹೇಳು.”

ಆಳದ ಪ್ರಶ್ನೆ ದೊಡ್ಡದು. ಹತ್ತು ಮೀಟರ್ ಕೆಳಗೆ ಹೋದರೆ ನೀರಿನ ಒತ್ತಡ ಮೇಲಿನ ಗಾಳಿಯ ಒತ್ತಡದಷ್ಟು ಹೆಚ್ಚುತ್ತದೆ. ಅಂದರೆ ಅಲ್ಲಿ ಕ್ಯಾಮೆರಾದ ಮೇಲೆ ಬೀಳುವುದು ಇಮ್ಮಡಿ ಒತ್ತಡ. ಪ್ಲಾಸ್ಟಿಕ್ ಚೀಲದಂಥ ಕವರ್ ಎದೆಮಟ್ಟದ ನೀರಿಗೆ ಸಾಕು, ಸಮುದ್ರಕ್ಕೆ ಸಾಲದು. ಅಲ್ಲಿಗೆ ಬೇಕಾದದ್ದು ಹೌಸಿಂಗ್: ಕ್ಯಾಮೆರಾದ ಒಂದೊಂದು ಗುಂಡಿಗೂ ಹೊರಗಿನಿಂದ ಒತ್ತುಗೋಲು ಇರುವ ಗಟ್ಟಿ ಪೆಟ್ಟಿಗೆ. ಐಕ್‌ಲೈಟ್ ಕಂಪನಿಯದು ಪಾಲಿಕಾರ್ಬೊನೇಟ್, ಸುಮಾರು 60 ಮೀಟರ್‌ವರೆಗೆ ತಡೆಯುತ್ತದೆ. ನಾಟಿಕ್ಯಾಮ್‌ನದು ಅಲ್ಯುಮಿನಿಯಂ, 100 ಮೀಟರ್‌ವರೆಗೆ. ಬೆಲೆ ಮಾತ್ರ ಸಾವಿರದೈನೂರು ಡಾಲರ್ ಆಚೆ ಈಚೆ ಶುರುವಾಗಿ ಅದರ ಎರಡು ಪಟ್ಟು ದಾಟುತ್ತದೆ. ತರಿಸುವ ಖರ್ಚು, ಸುಂಕ ಬೇರೆ. ಲೆನ್ಸಿನ ಮುಂದೆ ಕೂರುವ ಗಾಜಿನ ಪೋರ್ಟ್ ಬೇರೆ. ಎರಡು ಸ್ಟ್ರೋಬ್ (ಹೊರಗಿನಿಂದ ಜೋಡಿಸುವ ಫ್ಲಾಶ್), ಅವನ್ನು ಹಿಡಿದಿಡುವ ತೋಳುಗಳು ಬೇರೆ. ಸೆಕೆಂಡ್ ಹ್ಯಾಂಡ್ ಫೈವ್‌ಡಿ ಮಾರ್ಕ್ ತ್ರೀ ಬಾಡಿಯ ಬೆಲೆಗಿಂತ ಅದಕ್ಕೆ ಹಾಕುವ ಪೆಟ್ಟಿಗೆಯ ಬೆಲೆಯೇ ಹೆಚ್ಚು.

ಇನ್ನೊಂದು ತೊಡಕು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಹೌಸಿಂಗ್ ಒಂದು ಮಾದರಿಗೆ ಹೊಂದಿದರೆ ಇನ್ನೊಂದಕ್ಕೆ ಹೊಂದದು. ಮಾರ್ಕ್ ತ್ರೀಗೆ ತಂದದ್ದರಲ್ಲಿ ಮಾರ್ಕ್ ಫೋರ್ ಕೂರುತ್ತದೆಂಬ ಭರವಸೆ ಇಲ್ಲ. ಕ್ಯಾನನ್, ನಿಕಾನ್ ಎರಡೂ 2020ರಿಂದೀಚೆಗೆ ಹೊಸ ಡಿಎಸ್‌ಎಲ್‌ಆರ್ ಮಾದರಿ ತಂದಿಲ್ಲ. ಅವುಗಳ ಗಮನವೆಲ್ಲ ಮಿರರ್‌ಲೆಸ್ ಕಡೆಗೆ. ಬಾಡಿ ಅಗ್ಗಕ್ಕೆ ಸಿಗುತ್ತಿದೆ ಎಂದು ಕೈಹಾಕುವ ಮೊದಲು ಅದಕ್ಕೆ ಹೊಂದುವ ಹೌಸಿಂಗ್ ಇನ್ನೂ ಮಾರಾಟದಲ್ಲಿದೆಯೇ, ಬಿಡಿಭಾಗ ಸಿಗುತ್ತವೆಯೇ ಎಂದು ನೋಡಿಕೊಳ್ಳಬೇಕು. ಮಿರರ್‌ಲೆಸ್ ಕೊಂಡರೂ ಹೌಸಿಂಗ್, ಪೋರ್ಟ್, ಭಾರದ ಲೆಕ್ಕ ಇದೇ. ಹಾಗಾಗಿ ಇಲ್ಲಿ ದೊಡ್ಡ ಕ್ಯಾಮೆರಾ ಎಂದಾಗಲೆಲ್ಲ ಎರಡನ್ನೂ ಸೇರಿಸಿಕೊಳ್ಳಿ.

ಈಗ ಚಿಕ್ಕದರ ಕಡೆ ಬನ್ನಿ. ಒಲಿಂಪಸ್‌ನವರ ಟಿಜಿ-6 ಬಂದದ್ದು 2019ರಲ್ಲಿ, ಓಎಂ ಸಿಸ್ಟಮ್ ಹೆಸರಿನಲ್ಲಿ ಟಿಜಿ-7 ಬಂದದ್ದು 2023ರಲ್ಲಿ. ಬೆಲೆ ಅರ್ಧ ಲಕ್ಷದ ಆಸುಪಾಸು. ಯಾವ ಕವರೂ ಇಲ್ಲದೆ 15 ಮೀಟರ್‌ವರೆಗೆ ಇಳಿಯುವ ಬಾಡಿ, ಅಂಗಿ ಜೇಬಿನಲ್ಲಿ ಹಿಡಿಯುವ ಗಾತ್ರ. ಇದರ ಮುಖ್ಯ ಬಲ ಮೈಕ್ರೋಸ್ಕೋಪ್ ಮೋಡ್. ವಸ್ತುವಿನಿಂದ ಒಂದೇ ಸೆಂಟಿಮೀಟರ್ ದೂರದಲ್ಲಿ ಲೆನ್ಸ್ ಇಟ್ಟರೂ ಫೋಕಸ್ ಆಗುತ್ತದೆ. ಅದಕ್ಕಿಂತ ಮೇಲ್ದರ್ಜೆಯ ಕಾಂಪ್ಯಾಕ್ಟ್‌ಗಳೂ ಉಂಟು. ಸೋನಿ ಆರ್‌ಎಕ್ಸ್100, ಕ್ಯಾನನ್ ಜಿ7ಎಕ್ಸ್ ಸಾಲಿನವಕ್ಕೆ ಒಂದಿಂಚಿನ ಸೆನ್ಸರ್ ಇದೆ, ಆದರೆ ಹೌಸಿಂಗ್ ಇಲ್ಲದೆ ನೀರು ತಾಗಿಸುವ ಹಾಗಿಲ್ಲ.

ಒಂದು ಸೆಂಟಿಮೀಟರ್ ಯಾಕೆ ಇಷ್ಟು ದೊಡ್ಡ ಮಾತು ಎಂದು ತಿಳಿಯಲು ನೀರು ಬೆಳಕಿಗೆ ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ನೀರು ಬೆಳಕನ್ನು ನುಂಗುತ್ತದೆ, ಅದರಲ್ಲೂ ಕೆಂಪನ್ನು ಮೊದಲು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಹೋಗಿರುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಉಳಿಯುವುದು ಹಸಿರು, ನೀಲಿ. ಕೆಂಪು ಮೀನು ಆಳದಲ್ಲಿ ಬೂದುಗಂದು. ಮೇಲಿನಿಂದ ಮೀನಿಗೆ, ಮೀನಿನಿಂದ ಲೆನ್ಸಿಗೆ ಬೆಳಕು ಬರುವ ಅಷ್ಟೂ ದಾರಿಯಲ್ಲಿ ಈ ನಷ್ಟ ಆಗುತ್ತಲೇ ಇರುತ್ತದೆ. ಅದರ ಜೊತೆಗೆ ನೀರಿನಲ್ಲಿ ತೇಲುವ ಮಣ್ಣಿನ ಕಣ, ಪಾಚಿ. ಕ್ಯಾಮೆರಾದ ಫ್ಲಾಶ್ ಲೆನ್ಸಿನ ಪಕ್ಕದಲ್ಲೇ ಇದ್ದರೆ ಆ ಕಣಗಳೆಲ್ಲ ಹೊಳೆದು ಫೋಟೋ ತುಂಬ ಬಿಳಿ ಚುಕ್ಕೆ. ದೇವರಾಯನದುರ್ಗದ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ರಸ್ತೆ ಬಿಟ್ಟು ಮಂಜೇ ಬೆಳಗುತ್ತದಲ್ಲ, ಹಾಗೆ.

ಆದ್ದರಿಂದ ಈ ಕೆಲಸದಲ್ಲಿ ಜೂಮ್‌ಗೆ ಜಾಗವಿಲ್ಲ. ನಮ್ಮ ಮತ್ತು ಮೀನಿನ ನಡುವೆ ನೀರು ಎಷ್ಟು ಕಡಿಮೆಯೋ ಫೋಟೋ ಅಷ್ಟು ಸ್ವಚ್ಛ. ಫ್ಲಾಶನ್ನು ಲೆನ್ಸಿನಿಂದ ದೂರಕ್ಕೆ, ತೋಳಿನ ತುದಿಗೆ ಒಯ್ದು ಓರೆಯಾಗಿ ಬಿಟ್ಟರೆ ಚುಕ್ಕೆಗಳೂ ಕಡಿಮೆ, ಸತ್ತುಹೋದ ಕೆಂಪೂ ಮರಳುತ್ತದೆ. ಕಾಂಪ್ಯಾಕ್ಟ್‌ನಲ್ಲೂ ಇದು ಸಾಧ್ಯ. ಅದರ ಪುಟ್ಟ ಫ್ಲಾಶ್ ಮಿನುಗಿದ್ದನ್ನು ಫೈಬರ್ ಆಪ್ಟಿಕ್ ಕೇಬಲ್ ಹೊರಗಿನ ಸ್ಟ್ರೋಬ್‌ಗೆ ತಲುಪಿಸುತ್ತದೆ, ಸ್ಟ್ರೋಬ್ ಆಗ ಮಿಂಚುತ್ತದೆ. ಈಗಾಗಲೇ ಕಾಂಪ್ಯಾಕ್ಟ್ ಇರುವವರು ಬಾಡಿ ಬದಲಿಸುವ ಯೋಚನೆ ಬಿಟ್ಟು ಮೊದಲು ಒಂದು ಒಳ್ಳೆಯ ಸ್ಟ್ರೋಬ್ ಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಕೆರೆಗಳಿಗೆ ಇದನ್ನು ಹೊಂದಿಸಿ ನೋಡಿ. ಹೇಮಾವತಿ ನಾಲೆಯ ನೀರು ಬಂದಾಗ ಗುಬ್ಬಿ, ಕುಣಿಗಲ್ ಕೆರೆಗಳಿಗೆ ಜೀವ ಬರುತ್ತದೆ, ಜೊತೆಗೆ ಕೆಸರೂ ಬರುತ್ತದೆ. ಬೇಸಿಗೆಯಲ್ಲಿ ಪಾಚಿಯ ಹಸಿರು. ಜನಪದ ಹಾಡು ಕಟ್ಟಿ ಕೊಂಡಾಡಿದ ಕುಣಿಗಲ್ ಕೆರೆಯ ಸೊಬಗು ಏರಿಯ ಮೇಲೆ ನಿಂತವರಿಗೆ. ನೀರೊಳಗೆ ಕಣ್ಣು ಬಿಟ್ಟರೆ ಮೊಳದಾಚೆಗೆ ಏನೂ ಕಾಣದ ದಿನಗಳೇ ಹೆಚ್ಚು. ಅಂಥ ನೀರಿನಲ್ಲಿ ದೊಡ್ಡ ಲೆನ್ಸು, ದೊಡ್ಡ ಸೆನ್ಸರು ಇಟ್ಟುಕೊಂಡು ಏನು ಪ್ರಯೋಜನ? ಟಿಜಿಯಂಥ ಪುಟ್ಟ ಕ್ಯಾಮೆರಾ ಇಲ್ಲಿ ಗೆಲ್ಲುತ್ತದೆ. ನಾನು ಸೋಪಾನಕಟ್ಟೆಯ ಮೇಲೆ ಕೂತು ಬರಿ ತೋಳನ್ನು ನೀರಿಗಿಳಿಸುತ್ತೇನೆ. ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡಿರುತ್ತೇನೆ. ಕಲ್ಲಿನ ಸಂದಿನಲ್ಲಿ ಜಿಲೇಬಿ ಮೀನಿನ ಮರಿಗಳು ಮೊದಲು ಚದುರುತ್ತವೆ. ಕೈ ಅಲ್ಲಾಡಿಸದೆ ಕಾದರೆ ಒಂದೊಂದಾಗಿ ಹಿಂತಿರುಗಿ ಲೆನ್ಸಿನ ಗಾಜನ್ನೇ ಮೂಸುತ್ತವೆ. ತಾವರೆ ದಂಟಿಗೆ ಅಂಟಿದ ಬಸವನಹುಳುವಿನ ಕಣ್ಕೊಂಬು, ಕಲ್ಲಿನ ಪಾಚಿಯ ಮೇಲೆ ಕೂತ ಗಾಳಿಗುಳ್ಳೆ ಇವೆಲ್ಲ ಆ ಒಂದು ಸೆಂಟಿಮೀಟರ್‌ನಲ್ಲಿ ಸಿಗುವ ಲೋಕ. ಹೌಸಿಂಗ್ ತೊಟ್ಟ ಡಿಎಸ್‌ಎಲ್‌ಆರ್ ಆ ಸಂದಿಗೆ ತೂರುವುದೇ ಇಲ್ಲ.

ಹಾಗಾದರೆ ದೊಡ್ಡ ಕ್ಯಾಮೆರಾ ಬೇಡವೇ? ಬೇಕು, ಅದರ ಜಾಗದಲ್ಲಿ ಅದಕ್ಕೆ ಸಾಟಿಯಿಲ್ಲ. ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ, ವಿಸ್ತೀರ್ಣದಲ್ಲಿ ಟಿಜಿ ಸೆನ್ಸರಿನ ಸುಮಾರು 30 ಪಟ್ಟು. ಮಂದ ಬೆಳಕಿನಲ್ಲಿ ಈ ಅಂತರ ಎದ್ದು ಕಾಣುತ್ತದೆ. ಗುಂಡಿ ಒತ್ತಿದ ಗಳಿಗೆಗೇ ಚಿತ್ರ ಬೀಳುತ್ತದೆ. ನೇತ್ರಾಣಿಯಲ್ಲಿ ಬರಾಕುಡಾ ಮೀನು ತಿರುಗುವುದು ಕಣ್ಣೆವೆ ಇಕ್ಕುವಷ್ಟರಲ್ಲಿ. ಕಾಂಪ್ಯಾಕ್ಟ್ ಫೋಕಸ್ ಹುಡುಕಿ ಮುಗಿಸುವಾಗ ಬಾಲ ಮಾತ್ರ ಉಳಿದಿರುತ್ತದೆ.

ದೊಡ್ಡ ಕ್ಯಾಮೆರಾಗೆ ಮಾತ್ರ ಸಲ್ಲುವ ಇನ್ನೊಂದು ಚಿತ್ರವಿದೆ. ನನಗೆ ಬಹಳ ಇಷ್ಟವಾದದ್ದು. ಅರ್ಧ ನೀರಿನ ಮೇಲೆ, ಅರ್ಧ ನೀರಿನ ಕೆಳಗೆ: ಮೇಲೆ ಕಲ್ಯಾಣಿಯ ಮಂಟಪ, ಕೆಳಗೆ ಮುಳುಗಿದ ಮೆಟ್ಟಿಲುಗಳು ಒಂದೇ ಚೌಕಟ್ಟಿನಲ್ಲಿ. ಚಿಕ್ಕ ಲೆನ್ಸಿನ ಮುಂದೆ ನೀರಿನ ಅಂಚು ದಪ್ಪ ಪಟ್ಟಿಯಾಗಿ ಅಡ್ಡ ಬರುತ್ತದೆ. ಎಂಟಿಂಚಿನ ಅರ್ಧಗೋಳದ ಡೋಮ್ ಪೋರ್ಟ್ ಇದ್ದರೆ ಅದೇ ಅಂಚು ತೆಳು ಗೆರೆ. ಡೋಮ್‌ನ ಇನ್ನೊಂದು ಉಪಕಾರವೂ ದೊಡ್ಡದು. ಚಪ್ಪಟೆ ಗಾಜಿನ ಮೂಲಕ ನೋಡಿದಾಗ ಬೆಳಕು ಬಾಗಿ ನೀರಿನ ವಸ್ತು ಮೂರನೇ ಒಂದರಷ್ಟು ಹಿಗ್ಗಿ ಕಾಣುತ್ತದೆ, ವೈಡ್ ಲೆನ್ಸ್ ತನ್ನ ಅಗಲ ಕಳೆದುಕೊಳ್ಳುತ್ತದೆ. ಡೋಮ್ ಆ ಅಗಲವನ್ನು ಉಳಿಸಿಕೊಡುತ್ತದೆ.

ಹಾಗೆಂದು ಎಲ್ಲವೂ ದೊಡ್ಡದರ ಪರವಾಗಿಲ್ಲ. ಮೇಲೆ ವೈಡ್ ಲೆನ್ಸ್ ಹಾಕಿಕೊಂಡು ಇಳಿದವರು ಕೆಳಗೆ ಬೆರಳುದ್ದದ ಮೀನು ಕಂಡರೂ ಲೆನ್ಸ್ ಬದಲಿಸುವಂತಿಲ್ಲ. ಹೌಸಿಂಗ್ ತೊಟ್ಟ ಕಾಂಪ್ಯಾಕ್ಟ್‌ನ ಮುಂದೆ ವೆಟ್ ಲೆನ್ಸನ್ನು ನೀರೊಳಗೇ ತಿರುಗಿಸಿ ಹಾಕಬಹುದು, ತೆಗೆಯಬಹುದು.

ಮದುವೆ ಫೋಟೋಗ್ರಾಫರ್ ಬಂಧುಗಳು ಕೇಳುವುದು ಈಜುಕೊಳದ ಪ್ರಿ-ವೆಡ್ಡಿಂಗ್ ಶೂಟ್ ಬಗ್ಗೆ. ಅಲ್ಲಿ ಲೆಕ್ಕ ಬೇರೆ. ನೀರು ತಿಳಿ, ಆಳ ಎದೆಮಟ್ಟ, ಹನ್ನೊಂದು ಗಂಟೆಯ ಮೇಲೆ ಬಿಸಿಲು ನೆಟ್ಟಗೆ ಒಳಗಿಳಿಯುತ್ತದೆ. ಕೈಯಲ್ಲಿರುವ ಡಿಎಸ್‌ಎಲ್‌ಆರ್‌ಗೆ ಹೌಸಿಂಗ್ ಬಾಡಿಗೆಗೆ ತಂದು ವೈಡ್ ಲೆನ್ಸ್ ಹಾಕಿ ತೆಗೆಯಿರಿ, ಸ್ಟ್ರೋಬ್ ಕೂಡ ಬೇಡ. ಆಲ್ಬಂನ ಎರಡು ಪುಟ ತುಂಬುವ ಪ್ರಿಂಟ್‌ಗೆ ದೊಡ್ಡ ಸೆನ್ಸರೇ ಸರಿ. ಆದರೆ ಸೀರೆ ಒದ್ದೆಯಾದ ಮೇಲೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಹುಡುಗ ಹುಡುಗಿ ಇಬ್ಬರಿಗೂ ಈಜು ಬರಬೇಕು, ಕ್ಯಾಮೆರಾ ಹಿಡಿಯದ ಇನ್ನೊಬ್ಬ ಈಜುಗಾರ ಕೈಯಳತೆಯಲ್ಲಿ ಇರಬೇಕು. ಇಷ್ಟು ಒಪ್ಪದವರ ಕೆಲಸ ನಾನು ಹಿಡಿಯುವುದಿಲ್ಲ.

ದೊಡ್ಡದಾಗಲಿ ಚಿಕ್ಕದಾಗಲಿ, ಹೌಸಿಂಗ್ ಕಾಯುವುದು ಒಂದು ರಬ್ಬರ್ ಬಳೆ, ಓ-ರಿಂಗ್. ಒಂದು ತಲೆಗೂದಲು ಅದಕ್ಕೆ ಅಡ್ಡ ಬಿದ್ದರೂ ಸಾಕು, ನೀರು ದಾರಿ ಮಾಡಿಕೊಳ್ಳುತ್ತದೆ. ನಾನು ಅದನ್ನು ಬೆರಳಿನಿಂದಲೇ ಬಿಡಿಸುತ್ತೇನೆ, ಚೂಪಾದ ವಸ್ತು ತಾಗಿಸುವುದಿಲ್ಲ. ಕಣ್ಣು ಮುಚ್ಚಿ ಎರಡು ಬೆರಳ ನಡುವೆ ಸುತ್ತಲೂ ಸರಿಸುತ್ತ ಬಂದರೆ ಕಣ್ಣಿಗೆ ಕಾಣದ ಮರಳಿನ ಕಾಳು ಬೆರಳಿಗೆ ಸಿಗುತ್ತದೆ. ಆಮೇಲೆ ಕಂಪನಿ ಹೇಳಿದ ಗ್ರೀಸ್ ಹೊಳಪು ಬರುವಷ್ಟು ಮಾತ್ರ. ಹೆಚ್ಚು ಬಳಿದರೆ ಅದೇ ಧೂಳು ಹಿಡಿಯುತ್ತದೆ. ಮೊದಲು ಖಾಲಿ ಪೆಟ್ಟಿಗೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡುವುದು. ಮುರ್ಡೇಶ್ವರದಂಥ ಕರಾವಳಿಯ ಸೆಕೆಯಲ್ಲಿ ಹೌಸಿಂಗ್ ಮುಚ್ಚಿದರೆ ಒಳಗಿನ ತೇವ ಗಾಜಿಗೆ ಮಂಜು ಹಿಡಿಸುತ್ತದೆ, ಆದ್ದರಿಂದ ಹಿಂದಿನ ರಾತ್ರಿಯೇ ಏಸಿ ಕೋಣೆಯಲ್ಲಿ ಸಿಲಿಕಾ ಜೆಲ್ ಚೀಟಿ ಇಟ್ಟು ಮುಚ್ಚುತ್ತೇನೆ. ಸಮುದ್ರದಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ನೆನೆಹಾಕಿ ಒಂದೊಂದು ಗುಂಡಿಯನ್ನೂ ಒತ್ತಿ ಒತ್ತಿ ಉಪ್ಪು ಬಿಡಿಸಬೇಕು.

ಸೋರಿಕೆಯ ವಿಷಯದಲ್ಲೂ ಚಿಕ್ಕದಕ್ಕೆ ಒಂದು ಮೇಲುಗೈ ಇದೆ. ಟಿಜಿಗೆ ಹೌಸಿಂಗ್ ಹಾಕಿ ಇಳಿದಾಗ ಹೌಸಿಂಗ್ ಸೋರಿದರೂ 15 ಮೀಟರ್ ಒಳಗಿದ್ದರೆ ಕ್ಯಾಮೆರಾ ತಾನೇ ನೀರು ತಡೆಯುತ್ತದೆ. ಡಿಎಸ್‌ಎಲ್‌ಆರ್‌ಗೆ ಆ ಎರಡನೇ ಗೋಡೆ ಇಲ್ಲ. ಬಾಡಿ, ಲೆನ್ಸ್ ಎರಡೂ ಒಟ್ಟಿಗೆ ಹೋಗುತ್ತವೆ.

ನೇತ್ರಾಣಿ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರ, ದೋಣಿಯಲ್ಲಿ ಹೋಗಬೇಕು. ಮಳೆಗಾಲದಲ್ಲಿ ಡೈವಿಂಗ್ ಇಲ್ಲ. ಮೊದಲ ಸಲ ಇಳಿಯುವವರು ಯಾವ ಕ್ಯಾಮೆರಾವನ್ನೂ ಹಿಡಿಯಬಾರದು. ಉಸಿರು, ಕಿವಿ, ತೇಲುವ ಹದ ಇವಿಷ್ಟನ್ನೇ ಕಲಿಯಲಿ. ಓಪನ್ ವಾಟರ್ ಸರ್ಟಿಫಿಕೇಟ್ ಪಡೆದವರಿಗೆ 18 ಮೀಟರ್‌ವರೆಗೆ ಅನುಮತಿ. ಅಂದರೆ ಟಿಜಿಯ ಬರಿ ಬಾಡಿ ತಡೆಯುವ ಆಳಕ್ಕಿಂತ ಮೂರು ಮೀಟರ್ ಹೆಚ್ಚು, ಹಾಗಾಗಿ ಸಮುದ್ರಕ್ಕೆ ಅದಕ್ಕೂ ಹೌಸಿಂಗ್ ಹಾಕಿಯೇ ಇಳಿಯಿರಿ. ಒಂದೇ ಕಡೆ ಅಲುಗದೆ ತೇಲಲು ಬಾರದವರ ಕೈಗೆ ಎರಡು ಸ್ಟ್ರೋಬ್ ಹೊತ್ತ ದೊಡ್ಡ ಪೆಟ್ಟಿಗೆ ಕೊಟ್ಟರೆ ಅವರ ಕಾಲು ಹವಳಕ್ಕೆ ಬಡಿಯುತ್ತದೆ. ಹವಳ ಬೆಳೆಯಲು ವರ್ಷಗಳೇ ಬೇಕು, ಮುರಿಯಲು ಒಂದು ಒದೆ ಸಾಕು.

ಕುಣಿಗಲ್ ಹುಡುಗನಿಗೆ ನಾನು ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಕೆರೆ, ಕಲ್ಯಾಣಿ, ವರ್ಷಕ್ಕೊಮ್ಮೆ ನೇತ್ರಾಣಿ ಇಷ್ಟೇ ನಿಮ್ಮ ನೀರಾದರೆ ಕಾಂಪ್ಯಾಕ್ಟ್ ಕೊಳ್ಳಿ, ಉಳಿದ ದುಡ್ಡಿನಲ್ಲಿ ಸ್ಟ್ರೋಬ್ ಕೊಳ್ಳಿ. ನೀರೊಳಗಿನ ಫೋಟೋದಿಂದಲೇ ಸಂಪಾದಿಸುವವರು, ಡೈವಿಂಗ್‌ನಲ್ಲಿ ಪಳಗಿದವರು ಮಾತ್ರ ಡಿಎಸ್‌ಎಲ್‌ಆರ್ ಹೌಸಿಂಗ್‌ಗೆ ಲಕ್ಷಗಳನ್ನು ಹಾಕಲಿ. ಈಜು ಬಾರದವರು ಎರಡನ್ನೂ ಕೊಳ್ಳದೆ ಮೊದಲು ಈಜು ಕಲಿಯಿರಿ. ಮಾರ್ಕೋನಹಳ್ಳಿ ಜಲಾಶಯಕ್ಕಾಗಲಿ, ಊರ ಕೆರೆಗಾಗಲಿ, ಪ್ಲಾಸ್ಟಿಕ್ ಹಾಸಿದ ಜಾರುವ ಕೃಷಿ ಹೊಂಡಕ್ಕಾಗಲಿ ಫೋಟೋ ಆಸೆಗೆ ಒಬ್ಬರೇ ಇಳಿಯಬೇಡಿ.