ಬಾಡಿಗೆ ಮನೆಯ ಅಡುಗೆಕೋಣೆ: ಬಾಳಿಕೆಯ ವಿಜ್ಞಾನ

ಬಾಡಿಗೆದಾರರು ಮನೆ ಖಾಲಿ ಮಾಡಿದ ದಿನ ಮಾಲೀಕರ ಕಣ್ಣು ಮೊದಲು ಬೀಳುವುದು ಅಡುಗೆಕೋಣೆಯ ಮೇಲೆ. ಕಟ್ಟೆಯ ಹೊಳಪು ಮಾಸಿದೆ, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ಉಬ್ಬಿದೆ, ಗೋಡೆಯ ಮೂಲೆಯಲ್ಲಿ ಕಪ್ಪು ಚುಕ್ಕೆಗಳಿವೆ. ‘ಹಾಳು ಮಾಡಿದ್ದಾರೆ’ ಎಂದು ಅಡ್ವಾನ್ಸ್‌ನಲ್ಲಿ ಒಂದಿಷ್ಟು ಹಣ ಮುರಿದುಕೊಂಡು, ಅದೇ ಬಗೆಯ ಸಾಮಗ್ರಿಯನ್ನೇ ಮತ್ತೆ ಹಾಕಿಸುತ್ತಾರೆ. ಕೆಲವು ವರ್ಷಗಳ ಬಳಿಕ ಪುನಃ ಅದೇ ಕಥೆ.

ಇಂಥ ಹಾನಿಗೆ ಎಷ್ಟೋ ಬಾರಿ ಕಾರಣ ಬಾಡಿಗೆದಾರರ ಅಜಾಗ್ರತೆಯಲ್ಲ. ಆಮ್ಲ, ನೀರು ಮತ್ತು ಆವಿ. ನಿವೃತ್ತಿಯ ಹಣದಲ್ಲಿ ಮೇಲಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟವರಿಗೂ ಅಲ್ಲಿ ವಾಸಿಸುವವರಿಗೂ ಇದು ತಿಳಿದಿದ್ದರೆ ಹಣವೂ ಉಳಿಯುತ್ತದೆ, ಜಗಳವೂ ತಪ್ಪುತ್ತದೆ.

ಕಟ್ಟೆಯ ಕಲ್ಲು

ಕಡಪ ಕಲ್ಲು ಒಂದು ಬಗೆಯ ಸುಣ್ಣಕಲ್ಲು. ಅಮೃತಶಿಲೆಯೂ ಸುಣ್ಣಕಲ್ಲಿನ ರೂಪಾಂತರವೇ. ಇವುಗಳ ಮುಖ್ಯ ಘಟಕ ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆಯ ಸಿಟ್ರಿಕ್ ಆಮ್ಲ, ಹುಣಸೆಯ ಟಾರ್ಟಾರಿಕ್ ಆಮ್ಲ ಇದರೊಡನೆ ವರ್ತಿಸಿ ಕಲ್ಲಿನ ಮೇಲ್ಮೈಯನ್ನು ಸವೆಸುತ್ತವೆ. ಸಾರು, ಹುಳಿ, ಗೊಜ್ಜು ಇಲ್ಲದ ಮನೆ ನಮ್ಮಲ್ಲುಂಟೆ? ಜೊತೆಗೆ ಕ್ಯಾಲ್ಸೈಟ್ ಖನಿಜದ ಗಡಸುತನ ಮೋಸ್ ಮಾಪಕದಲ್ಲಿ 3 ಮಾತ್ರ. ಗ್ರಾನೈಟ್‌ನಲ್ಲಿರುವ ಫೆಲ್ಡ್‌ಸ್ಪಾರ್‌ನದು 6, ಕ್ವಾರ್ಟ್ಜ್‌ನದು 7. ಅಡುಗೆಯ ಆಮ್ಲಗಳು ಗ್ರಾನೈಟನ್ನು ಅಷ್ಟಾಗಿ ಬಾಧಿಸವು. ಆದ್ದರಿಂದ ಕಟ್ಟೆಗೆ ಗ್ರಾನೈಟ್ ಸೂಕ್ತ. ಆಮ್ಲ ಬೀಳದ ಕಪಾಟಿನ ಹಲಗೆಗಳಿಗೆ ಕಡಪ ಕಲ್ಲು ಧಾರಾಳವಾಗಿ ಸಾಕು. ಅದು ನೀರಿಗೆ ಮರದಂತೆ ಉಬ್ಬುವುದಿಲ್ಲ.

ಉಬ್ಬುವ ಬಾಗಿಲು

ಅಗ್ಗದ ಪಾರ್ಟಿಕಲ್ ಬೋರ್ಡ್ ಎಂದರೆ ಮರದ ಚೂರುಗಳನ್ನು ರಾಳದಿಂದ ಅಂಟಿಸಿ ಒತ್ತಿದ ಹಲಗೆ. ಇದಕ್ಕೆ ಸಾಮಾನ್ಯವಾಗಿ ಬಳಸುವುದು ಯೂರಿಯಾ ಫಾರ್ಮಾಲ್ಡಿಹೈಡ್ ರಾಳ. ತೇವ ಮತ್ತು ಶಾಖಕ್ಕೆ ಅದರ ಬಂಧಗಳು ಕ್ರಮೇಣ ಬಿಡುತ್ತವೆ. ಚೂರುಗಳು ನೀರು ಹೀರಿ ಉಬ್ಬುತ್ತವೆ. ಫೀನಾಲ್ ಫಾರ್ಮಾಲ್ಡಿಹೈಡ್ ರಾಳದ ಬಂಧ ನೀರಿಗೆ ಜಗ್ಗದು. ಐಎಸ್ 710 ಗುರುತಿನ ಪ್ಲೈವುಡ್ ಈ ಬಗೆಯದು. ಅದರ ಮಾದರಿಯನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುತ್ತಾರೆ. ಸಿಂಕಿನ ಕೆಳಗೆ ಇದನ್ನೇ ಬಳಸಿ, ಅಂಚುಗಳನ್ನು ಮುಚ್ಚಿಸಿ.

ಕಾಣದ ನೀರು

ಒಲೆಯೇ ನೀರನ್ನು ತಯಾರಿಸುತ್ತದೆ ಎಂದರೆ ನಂಬುವಿರಾ? 44 ಗ್ರಾಂ ಪ್ರೊಪೇನ್ ಉರಿದಾಗ 72 ಗ್ರಾಂ ನೀರು ಉಂಟಾಗುತ್ತದೆ. 58 ಗ್ರಾಂ ಬ್ಯೂಟೇನ್‌ನಿಂದ 90 ಗ್ರಾಂ. ಅಡುಗೆ ಅನಿಲ ಮುಖ್ಯವಾಗಿ ಇವೆರಡರ ಮಿಶ್ರಣ. ಲೆಕ್ಕ ಹಾಕಿ: 14.2 ಕಿಲೋಗ್ರಾಂ ಸಿಲಿಂಡರ್ ಮುಗಿಯುವಷ್ಟರಲ್ಲಿ ಸುಮಾರು 22 ಲೀಟರ್ ನೀರು ಆವಿಯಾಗಿ ಕೋಣೆಗೆ ಸೇರಿರುತ್ತದೆ. ಅನ್ನ, ಬೇಳೆ ಬೇಯುವಾಗ ಏಳುವ ಹಬೆ ಇದಕ್ಕೆ ಹೊರತು. ಹೊರಹೋಗಲು ದಾರಿಯಿಲ್ಲದಿದ್ದರೆ ಆವಿ ತಣ್ಣನೆಯ ಗೋಡೆಯ ಮೇಲೆ ಸಾಂದ್ರೀಕರಿಸಿ ಬೂಷ್ಟಿಗೆ ನೆಲೆಯಾಗುತ್ತದೆ. ಬಣ್ಣ ಬಳಿಯುವ ಮೊದಲು ಮೇಲ್ಭಾಗದಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಸೋರಿದ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲೂ ಗಾಳಿಕಿಂಡಿ ಇರಲಿ.

ಲಾಭದ ಲೆಕ್ಕ

ಈಗ ಗಣಿತ. ಅಗ್ಗದ ಕಪಾಟಿಗೆ 12,000 ರೂಪಾಯಿ, ಬಾಳಿಕೆ 4 ವರ್ಷ. ಉತ್ತಮವಾದುದಕ್ಕೆ 24,000 ರೂಪಾಯಿ, ಬಾಳಿಕೆ 12 ವರ್ಷ ಎಂದುಕೊಳ್ಳಿ. 12 ವರ್ಷಗಳಲ್ಲಿ ಮೊದಲನೆಯದನ್ನು ಮೂರು ಬಾರಿ ಹಾಕಿಸಬೇಕು: 36,000. ನಡುವಿನ ಎರಡು ದುರಸ್ತಿಗಳಿಗಾಗಿ ತಲಾ ಅರ್ಧ ತಿಂಗಳು ಮನೆ ಖಾಲಿಯಿದ್ದು, ತಿಂಗಳ ಬಾಡಿಗೆ 10,000 ಆದರೆ ಇನ್ನೂ 10,000 ನಷ್ಟ. ಒಟ್ಟು 46,000. ‘ದುಬಾರಿ’ ಕಪಾಟೇ 22,000 ರೂಪಾಯಿ ಉಳಿಸಿತು! ಕೊಳ್ಳುವಾಗ ಬೆಲೆಯನ್ನಲ್ಲ, ಬೆಲೆಯನ್ನು ಬಾಳಿಕೆಯ ವರ್ಷಗಳಿಂದ ಭಾಗಿಸಿ ನೋಡಬೇಕು. ಆದರೆ ನೀರು, ಆಮ್ಲ ತಾಕದ ಮೇಲಿನ ಕಪಾಟುಗಳಿಗೂ ಅಷ್ಟೇ ಹಣ ಸುರಿಯುವುದು ವ್ಯರ್ಥ.

ತರಗತಿಯಲ್ಲಿ ಮಾಡಿ ನೋಡಿ

ಕಲ್ಲಿನ ಅಂಗಡಿಯಿಂದ ಹೊಳಪಿರುವ ಅಮೃತಶಿಲೆ ಮತ್ತು ಗ್ರಾನೈಟ್ ಚೂರುಗಳನ್ನು ತನ್ನಿ. ಎರಡರ ಮೇಲೂ ನಿಂಬೆರಸದ ಹನಿ ಹಾಕಿ, ಕೆಲವು ಗಂಟೆಗಳ ನಂತರ ತೊಳೆದು, ಓರೆಯಾಗಿ ಬೆಳಕಿಗೆ ಹಿಡಿಯಿರಿ. ಅಮೃತಶಿಲೆಯ ಮೇಲೆ ಹನಿ ಬಿದ್ದಲ್ಲಿ ಮಾಸಿದ ಗುರುತು ಕಾಣುತ್ತದೆ. ಮುಂದೆ ಯಾರಾದರೂ ‘ಕಟ್ಟೆ ಹಾಳು ಮಾಡಿದ್ದು ನೀವೇ’ ಎಂದರೆ, ಈ ಚೂರನ್ನು ತೋರಿಸಬಹುದಲ್ಲವೆ?