ವರ್ತಮಾನಪತ್ರ ಓದಿ ಇಂಗ್ಲೀಷು ಕಲಿತದ್ದು

ಮಹಾದಾಯಿ ಜಲವಿವಾದ ನ್ಯಾಯಾಧಿಕರಣದ ತೀರ್ಪು ಹೊರಬಿದ್ದದ್ದು 2018ನೆಯ ಇಸವಿ ಅಗಸ್ಟ 14ರಂದು. ಆಗ ನಾನು ಎಂಟನೆಯ ಇಯತ್ತೆಯಲ್ಲಿದ್ದೆ. ಮರುದಿನ ಧ್ವಜವಂದನೆ ಮುಗಿಸಿ ಮನೆಗೆ ಬರುವಾಗ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಒಂದು ಇಂಗ್ಲೀಷು ಪತ್ರಿಕೆ ಕಂಡಿತು. ದಿನಕ್ಕೆ ಐದು ಹೊಸ ಶಬ್ದ ಬರೆದುಕೊಂಡು ಬರಬೇಕೆಂದು ಗುರುಗಳ ಅಪ್ಪಣೆಯಿದ್ದಿತು. ಪತ್ರಿಕೆಯ ಮೇಲ್ಭಾಗದಲ್ಲಿಯೇ ಮಹಾದಾಯಿಯ ಹೆಸರು. ಅದರ ಬೆನ್ನಿಗೆ 'ಅವಾರ್ಡ' ಎಂಬ ಶಬ್ದ. ಇದು ನನಗೆ ಬರುವ ಶಬ್ದ. ಸಾಲೆಯ ಸ್ನೇಹಸಮ್ಮೇಲನದಲ್ಲಿ ಕೊಡುವ ಅವಾರ್ಡು! ಓಡುತ್ತ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜನಿಗೆ, "ಅಜ್ಜಾ, ಮಾದಾಯಿಗೆ ಪ್ರಶಸ್ತಿ ಬಂದೈತಿ" ಎಂದೆ.

ಅಜ್ಜ ಎಲೆಯಡಿಕೆ ಅಗಿಯುವದನ್ನು ನಿಲ್ಲಿಸಿ, "ಪ್ರಶಸ್ತಿ ತಗೊಂಡು ಏನ್ ಮಾಡೂದಲೇ ತಮ್ಮಾ? ನೀರ ಎಷ್ಟ್ ಬಂತು, ಅದನ್ನ ಹೇಳು" ಎಂದನು.

ನವಲಗುಂದ ತಾಲೂಕಿನ ಎರಿಹೊಲದವರಿಗೆ ಈ ಪ್ರಶ್ನೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯ ವಾಚಕರಿಗಾಗಿ ಎರಡು ಮಾತು. ಮಹಾದಾಯಿ ಹುಟ್ಟುವದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಭೀಮಗಡದ ಅಡವಿಯಲ್ಲಿ. ಅಲ್ಲಿಂದ ಅದು ಗೋವೆಗೆ ಇಳಿದು ಸಮುದ್ರ ಸೇರುತ್ತದೆ. ಅದನ್ನು ಕೂಡುವ ಕಳಸಾ, ಬಂಡೂರಿ ಎಂಬ ಹಳ್ಳಗಳ ನೀರನ್ನು ಈಚೆಗೆ ಮಲಪ್ರಭೆಗೆ ತರಬೇಕೆಂಬುದು ನಮ್ಮ ಕಡೆಯ ಬೇಡಿಕೆ. ಮಲಪ್ರಭೆಗೆ ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಆಣೆಕಟ್ಟು ಉಂಟು. ಅದು 37.73 ಟಿಎಂಸಿ ಹಿಡಿಯಬಲ್ಲದು. ಹಿಡಿಯಬಲ್ಲದು ಎಂದೆನೇ ಹೊರತು ಹಿಡಿಯುತ್ತದೆ ಎನ್ನಲಿಲ್ಲ. ಅದು ತುಂಬದ ವರ್ಷಗಳು ಬಹಳ.

ಅಂದು ನಾನು ಪತ್ರಿಕೆಯೊಳಗೆ ಅಂಕಿ ಹುಡುಕಿ, "13.42 ಟಿಎಂಸಿ" ಎಂದು ಓದಿ ಹೇಳಿದೆ. ಅಜ್ಜ ಆ ಅಂಕಿಯನ್ನು ಓಣಿಗೆಲ್ಲ ಸಾರಿದನು. ಸಂಜೆಗೆ ಹುಬ್ಬಳ್ಳಿಯಿಂದ ಬಂದವರೊಬ್ಬರು, ನಮ್ಮ ಆಣೆಕಟ್ಟಿಗೆ ಬರುವದು 3.90 ಮಾತ್ರ ಎಂದರು. ಓಣಿಯವರ ಎದುರಿಗೆ ಅಜ್ಜ ಸುಳ್ಳುಗಾರನಾದನು. ಸಾಲೆ ಕಲಿತ ಮೊಮ್ಮಗನೆಂದು ನನ್ನ ಮೇಲೆ ಇಟ್ಟ ಭರವಸೆಗೂ ಅಂದು ಸ್ವಲ್ಪ ಏಟು ಬಿದ್ದಿತು.

ಎರಡೂ ಅಂಕಿಗಳು ಖರೆಯೇ ಆಗಿದ್ದವೆಂದು ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಗ್ರಂಥಾಲಯದಲ್ಲಿ ಒಂದು ಕನ್ನಡ ಪತ್ರಿಕೆ, ಒಂದು ಇಂಗ್ಲೀಷು ಪತ್ರಿಕೆ ಎದುರು ಬದುರು ಇಟ್ಟುಕೊಂಡು ಒಂದೇ ಸುದ್ದಿಯನ್ನು ಎರಡು ಸಲ ಓದುವದು ನಾನು ಕಂಡುಕೊಂಡ ಅಭ್ಯಾಸಕ್ರಮ. ಒಂದು ದಿನ ಹಳೆಯ ಸುದ್ದಿಯೊಂದರಲ್ಲಿ 'ಕನ್ಸಂಪ್ಟಿವ್ ಯೂಸ್' ಎಂಬ ಮಾತು ಅಡ್ಡ ಬಂದಿತು. ಶಬ್ದಕೋಶ ತೆಗೆದರೆ 'ಕನ್ಸಂಪ್ಟಿವ್' ಎಂದರೆ ಕ್ಷಯರೋಗಿ! ನೀರಿಗೆ ಕ್ಷಯರೋಗವೆಲ್ಲಿಂದ ಬಂದೀತು? ಇಂಗ್ಲೀಷಿನ ಅಧ್ಯಾಪಕರನ್ನು ಕೇಳಿದೆ. ಅವರು ನಕ್ಕು, "ರೋಗ ಮನುಷ್ಯನನ್ನು ತಿಂದು ಕರಗಿಸುತ್ತದಲ್ಲ, ಅದೇ ಧಾತು. ಬಳಸಿದ ಮೇಲೆ ಕರಗಿಹೋಗುವ, ಹೊಳೆಗೆ ತಿರುಗಿ ಬಾರದ ನೀರು" ಎಂದು ಬಿಡಿಸಿದರು. ಕುಡಿದ ನೀರು, ಬೆಳೆ ಹೀರಿದ ನೀರು ಈ ಜಾತಿಯವು. ವಿದ್ಯುತ್ತಿನ ಚಕ್ರ ತಿರುಗಿಸಿ ಮತ್ತೆ ಹೊಳೆಗೇ ಇಳಿಯುವ ನೀರು ಇನ್ನೊಂದು ಜಾತಿ.

ಈಗ ಲೆಕ್ಕ ನೋಡಿರಿ. ತೀರ್ಪಿನ 13.42ರಲ್ಲಿ 8.02 ಟಿಎಂಸಿ ವಿದ್ಯುತ್ತಿಗೆ. ಅದು ಚಕ್ರ ತಿರುಗಿಸಿ ಹೊಳೆಗೇ ಹೋಗತಕ್ಕದ್ದು. 1.50 ಮಹಾದಾಯಿಯ ಕೊಳ್ಳದೊಳಗಿನ ಬಳಕೆಗೆ. ಕಳಸಾದಿಂದ 1.72, ಬಂಡೂರಿಯಿಂದ 2.18, ಕೂಡಿ 3.90. ಮಲಪ್ರಭೆಗೆ ಬರತಕ್ಕದ್ದು ಇಷ್ಟೇ, ಅದೂ ಕುಡಿಯುವ ನೀರಿಗೆಂದು. ತಲೆಬರಹದ ದೊಡ್ಡ ಅಂಕಿ ಸುಳ್ಳಲ್ಲ. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಯಾರ ಕೊಡಕ್ಕೂ ಬೀಳುವದಲ್ಲ. ಒಂದು ಗುಣವಾಚಕ ಅರ್ಥವಾಗದೆ ಒಂದು ಓಣಿಗೆ ಓಣಿಯೇ ಒಂದು ದಿನ ಹಿಗ್ಗಿ, ಸಂಜೆಗೆ ಕುಗ್ಗಿತು.

ಟಿಎಂಸಿ ಎಂಬುದಂತೂ ನಮ್ಮ ಕಡೆ ಹಾಲು ಮಾರುವವರ ಬಾಯಲ್ಲಿಯೂ ಇದೆ. ಎಷ್ಟು ಎಂದು ಕೇಳಿದರೆ ಹೇಳುವವರು ಕಡಿಮೆ. ನೂರು ಕೋಟಿ ಘನ ಅಡಿ, ಎಂದರೆ ಸುಮಾರು 2,832 ಕೋಟಿ ಲೀಟರು. ಇದರಿಂದಲೂ ಅಜ್ಜನಿಗೆ ಏನೂ ಆಗಲಿಲ್ಲ. ಎಕರೆಯ ಲೆಕ್ಕಕ್ಕೆ ಇಳಿಸಿ, ಸುಮಾರು 23,000 ಎಕರೆ ಹೊಲದಲ್ಲಿ ಒಂದು ಅಡಿ ನೀರು ನಿಂತರೆ ಒಂದು ಟಿಎಂಸಿ ಎಂದ ಮೇಲೆ ಅವನು, "ಹಾಂ, ಬೆಣ್ಣಿಹಳ್ಳ ಬಂದಾಗ ನಿಂತಂಗ" ಎಂದನು. ನೀರಿಲ್ಲವೆಂದು ಧರಣಿ ಕೂಡುವ ತಾಲೂಕಿನಲ್ಲಿಯೇ ಬೆಣ್ಣಿಹಳ್ಳ ಹೊಲಕ್ಕೆ ನುಗ್ಗುವದೂ ಉಂಟು. ಅದು ಬೇರೊಂದು ಲೇಖನದ ವಿಷಯ.

'ಅವಾರ್ಡ' ಶಬ್ದದ ವಿಷಯದಲ್ಲಿ ನಾನೊಬ್ಬನೇ ದಡ್ಡನಾಗಿರಲಿಲ್ಲವೆಂಬ ಸಮಾಧಾನ ತಡವಾಗಿ ದೊರೆಯಿತು. ಅಂತರರಾಜ್ಯ ನದಿನೀರು ವಿವಾದಗಳ ಕಾಯಿದೆ 1956ರದು. ಆ ಕಾಯಿದೆ ನ್ಯಾಯಾಧಿಕರಣ ಕೊಡುವದಕ್ಕೆ 'ಡಿಸಿಜನ್' ಎಂದು ಸಾದಾ ಹೆಸರು ಇಟ್ಟಿದೆ. ಪತ್ರಿಕೆಗಳು ಅದನ್ನು 'ಅವಾರ್ಡ' ಮಾಡಿದವು. ಕನ್ನಡ ಪತ್ರಿಕೆಗಳು 'ಐತೀರ್ಪು' ಎಂದವು. ಆ ತೀರ್ಪು ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾದದ್ದು 2020ರ ಫೆಬ್ರುವರಿ 27ರಂದು. ನಮ್ಮ ಊರಿನಲ್ಲಿ ಮತ್ತೆ ಗೊಂದಲ: ಹದಿನೆಂಟು ತಿಂಗಳ ಹಿಂದೆಯೇ ಬಂದ ತೀರ್ಪು ಈಗ ಮತ್ತೆ ಹೇಗೆ ಬಂತು? 'ಅಧಿಸೂಚನೆ' ಎಂಬ ಕನ್ನಡ ಶಬ್ದ ಇಂಗ್ಲೀಷಿನಷ್ಟೇ ದೂರದ್ದಾಗಿತ್ತು.

ಇದು ನನಗೆ ಹೊಳೆದ ಮುಖ್ಯ ಸಂಗತಿ. ನಾನು ಕಲಿಯುತ್ತಿದ್ದದ್ದು ಒಂದು ಭಾಷೆಯಲ್ಲ, ಎರಡು. ನ್ಯಾಯಾಧಿಕರಣ ಎಂದರೆ ಅಜ್ಜನಿಗೆ ತಿಳಿಯದು; 'ಟ್ರುಬ್ನಲ್ಲು' ಎಂದರೆ ತಿಳಿಯುತ್ತದೆ. 2016ರ ಜುಲೈ 27ರಂದು ನ್ಯಾಯಾಧಿಕರಣವು 7.56 ಟಿಎಂಸಿಗಾಗಿ ಕರ್ನಾಟಕ ಸಲ್ಲಿಸಿದ್ದ ಅರ್ಜಿಯನ್ನು ತಳ್ಳಿಹಾಕಿದಾಗ ಪತ್ರಿಕೆಗಳೆಲ್ಲ ಅದನ್ನು 'ಮಧ್ಯಂತರ ಆದೇಶ' ಎಂದು ಬರೆದವು. "ಮಧ್ಯಂತರ ಅಂದ್ರ ಟಾಕೀಜಿನ್ಯಾಗ ಚಾ ಕುಡಿಯೂ ಹೊತ್ತಲ್ಲೇನು?" ಎಂದು ಅಜ್ಜ ಕೇಳಿದ್ದನು. ಆ ಆದೇಶದ ಬೆನ್ನಿಗೇ ನವಲಗುಂದ, ಯಮನೂರುಗಳಲ್ಲಿ ಗಲಾಟೆಯಾಗಿ ಲಾಠಿ ಬೀಸಿದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಪತ್ರಿಕೆಗಳಲ್ಲಿ ಇಂಥದಕ್ಕೆ ಒಂದು ಕಾಯಂ ಮಾತುಂಟು: 'ಲಘು ಲಾಠಿ ಪ್ರಹಾರ'. ಅಣ್ಣಿಗೇರಿಯ ನಂಟಿನ ಪಂಪ ನಮ್ಮ ಜಿಲ್ಲೆಯವನೆಂದು ಹೆಮ್ಮೆಪಡುವ ನಾವು ಕನ್ನಡ ತಾಸಿನಲ್ಲಿ ಲಘು, ಗುರು ಎರಡನ್ನೂ ಕಲಿಯುತ್ತೇವೆ. ಪತ್ರಿಕೆಯ ಛಂದಸ್ಸಿನಲ್ಲಿ ಮಾತ್ರ ಲಾಠಿ ಯಾವಾಗಲೂ ಲಘು. ಗುರು ಬಂದದ್ದನ್ನು ನಾನು ಈವರೆಗೆ ಕಂಡಿಲ್ಲ.

ಎದುರು ಪಕ್ಷದವರ ಪತ್ರಿಕೆಯನ್ನೂ ಓದಬೇಕೆಂದು ಅಧ್ಯಾಪಕರು ಹೇಳಿದರು. ಗೋವೆಯ ಇಂಗ್ಲೀಷು ಪತ್ರಿಕೆಗಳನ್ನು ಮೊಬೈಲಿನಲ್ಲಿ ತೆಗೆದು ಓದಿದೆ. ಅಲ್ಲಿ ಹೊಳೆಯ ಹೆಸರೇ ಬೇರೆ, ಮ್ಹಾದೆಯ್. ಕೆಳಗೆ ಹೋದಂತೆ ಮಾಂಡವಿ. ನಮ್ಮ ಪತ್ರಿಕೆ 'ಕಳಸಾ-ಬಂಡೂರಿ ನಾಲಾ ಜೋಡಣೆ' ಎಂದು ಬರೆಯುವಲ್ಲಿ ಅವರದು 'ಡೈವರ್ಶನ್'. ಕಾಲುವೆ ಒಂದೇ. ಇಲ್ಲಿ ನಿಂತು ನೋಡಿದರೆ ಕೂಡಿಸುವದು, ಅಲ್ಲಿ ನಿಂತು ನೋಡಿದರೆ ಕಸಿಯುವದು. ಅವರಿಗೂ ಅದು ತಾಯಿಯೇ. ಅವರ ಅಡವಿಯ ಚಿಂತೆ, ಹೊಳೆಯೊಳಗೆ ಉಪ್ಪುನೀರು ಮೇಲೇರುವ ಚಿಂತೆ ಸುಳ್ಳಿನದಲ್ಲ. ಹಾಗೆಂದು ನಮ್ಮ ಬೇಡಿಕೆ ನ್ಯಾಯವಲ್ಲವೆಂದು ನಾನು ಹೇಳಲಾರೆ. ಆದರೆ 'ಜೋಡಣೆ' ಎಂಬ ಶಬ್ದವನ್ನು ಮೊದಲಿನಷ್ಟು ಮುಗ್ಧವಾಗಿ ಓದುವದು ಈಗ ನನ್ನಿಂದಾಗದು.

ದೂರದರ್ಶನದ ಸುದ್ದಿವಾಹಿನಿಗಳಿಂದ ನಾನು ಕಲಿತ ವಾಕ್ಯ ಒಂದೇ: 'ಕಾದು ನೋಡಬೇಕಾಗಿದೆ.' ಯಾವ ಸುದ್ದಿಯಿದ್ದರೂ ಅದು ಈ ವಾಕ್ಯದಲ್ಲಿ ಮುಗಿಯುತ್ತದೆ.

ಒಂದು ರಾತ್ರಿ ಕರೆಂಟು ಹೋಗಿ ಅಂಗಳದಲ್ಲಿ ಕುಳಿತಾಗ ಅಜ್ಜನನ್ನು 1980ರ ವಿಷಯ ಕೇಳಿದೆ. ಆ ವರ್ಷ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗೋಳಿಬಾರಾಗಿ ಸಾವುಗಳಾದವು. ಇಂದಿಗೂ ಆ ದಿನವನ್ನು ರೈತ ಹುತಾತ್ಮ ದಿನವೆಂದು ಆಚರಿಸುತ್ತಾರೆ. ಆ ಚಳವಳಿಯ ಮೂಲದಲ್ಲಿದ್ದದ್ದು 'ಬೆಟರ್ಮೆಂಟ ಲೇವಿ' ಎಂಬ ಕರ: ಮಲಪ್ರಭೆಯ ಕಾಲುವೆ ಬಂದದ್ದರಿಂದ ನಿಮ್ಮ ಭೂಮಿಯ ಬೆಲೆ ಏರಿತು, ಏರಿದ್ದರಲ್ಲಿ ಸರಕಾರಕ್ಕೊಂದು ಪಾಲು ಕೊಡಿರಿ ಎಂಬುದು ಅದರ ತಾತ್ಪರ್ಯ. ನೀರೇ ಮುಟ್ಟದ ಹೊಲಗಳಿಗೂ ಅದನ್ನು ಹೇರಿದರೆಂಬುದು ರೈತರ ದೂರು. ಆಗ ಹತ್ತಿಯ ಧಾರಣಿಯೂ ಬಿದ್ದಿತ್ತು.

"ಆ ಶಬ್ದ ನಿನಗ ತಿಳದಿತ್ತೇನಜ್ಜಾ?" ಎಂದೆ.

"ಲೇವಿ ಗೊತ್ತಿತ್ತು. ಜ್ವಾಳದ ಲೇವಿ ಕೊಟ್ಟಿದ್ವೆಲ್ಲಾ. ಮುಂದಿಂದು ಗೊತ್ತಿರಲಿಲ್ಲ."

"ಬೆಟರ್ ಅಂದ್ರ ಮೊದಲಿಗಿಂತ ಚಲೋ. ಬೆಟರ್ಮೆಂಟ ಅಂದ್ರ ಚಲೋ ಮಾಡೂದು" ಎಂದೆ. ಅಜ್ಜ ಬಹಳ ಹೊತ್ತು ಸುಮ್ಮನಿದ್ದನು. ನಲವತ್ತು ವರ್ಷ ಹೊತ್ತುಕೊಂಡು ತಿರುಗಿದ ಶಬ್ದದ ಅರ್ಥ ಅಂದು ಅವನಿಗೆ ಗೊತ್ತಾಯಿತು. ಕಡೆಗೆ, "ಯಾರಿಗೆ?" ಎಂದಷ್ಟೇ ಕೇಳಿದನು. ನನ್ನ ಶಬ್ದಕೋಶದಲ್ಲಿ ಅದು ಇರಲಿಲ್ಲ.

2022ರ ಡಿಸೆಂಬರದಲ್ಲಿ ಕೇಂದ್ರ ಜಲ ಆಯೋಗವು ಪರಿಷ್ಕೃತ ಯೋಜನಾ ವರದಿಯನ್ನು ಒಪ್ಪಿತು. ಆಮೇಲಿನ ಸುದ್ದಿಗಳಲ್ಲಿ ಮೇಲಿಂದ ಮೇಲೆ ಬಂದ ಶಬ್ದ 'ಫಾರೆಸ್ಟ ಕ್ಲಿಯರನ್ಸ್'. ಶಬ್ದಕೋಶ 'ತೆರವು' ಎಂದಿತು. ಹಾಗೇ ಹೇಳಿದೆ. "ಅಡವಿ ಕಡಿಯಾಕ ಹೊಂಟಾರೇನು?" ಎಂದು ಅಜ್ಜ ಗಾಬರಿಯಾದನು. ಅಲ್ಲ, ಅಡವಿಯ ಇಲಾಖೆಯ ಒಪ್ಪಿಗೆ ಎಂದು ತಿದ್ದಿದೆ. ಒಪ್ಪಿಗೆಯಾದ ಮೇಲೆ ಗಿಡಗಳು ಬೀಳುವದೂ ಉಂಟಾದ್ದರಿಂದ ಅಜ್ಜನ ತಪ್ಪು ಪೂರ್ತಿ ತಪ್ಪೆಂದು ಹೇಳಲು ನನಗೆ ಧೈರ್ಯವಾಗಲಿಲ್ಲ.

ಈಗ ನಾನು ಊರಿಗೆ ಹೋದಾಗ ಅಜ್ಜ ಮೊದಲು ಕೇಳುವದು, "ಈ ವಾರದ ಶಬ್ದ ಯಾವದಪಾ?" ಕಳೆದ ಸಲ ನಾನು ಒಯ್ದದ್ದು 'ಸಬ್‌ಜುಡಿಸ್'. ಮೂರೂ ರಾಜ್ಯಗಳು ತೀರ್ಪಿನ ಮೇಲೆ ಸುಪ್ರೀಮ್ ಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದ ಈ ಶಬ್ದ ಬಂದಿತ್ತು. ಅರ್ಥ ಹೇಳಿದೆ: ಕೋರ್ಟಿನ ಮುಂದಿದೆ, ಇನ್ನೂ ತೀರಿಲ್ಲ.

"ಇದು ನನಗ ಗೊತ್ತಿದ್ದದ್ದ ಬಿಡು" ಎಂದು ಅಜ್ಜ ಎಲೆಯ ಚಂಚಿಯನ್ನು ಬಿಚ್ಚಿದನು.