ಕಡಲಿಗೆ ಬಿದ್ದ ಎಣ್ಣೆ ಎಲ್ಲಿಗೆ ಹೋಗುವುದು?

ಅಭ್ಯಂಜನದ ದಿನ ತಲೆಗೆ ಹಚ್ಚಿದ ಎಣ್ಣೆ ಬರಿಯ ನೀರಿನಿಂದ ಹೋಗದೆಂಬುದನ್ನು ನಾವೆಲ್ಲರೂ ಬಲ್ಲೆವು. ಎಷ್ಟು ತಂಬಿಗೆ ನೀರು ಹೊಯ್ದರೂ ಜಿಡ್ಡು ಬಿಡದು. ಸೀಗೆಪುಡಿ ಹಾಕಿ ತಿಕ್ಕಿದ ಮೇಲೆ ಅದೇ ನೀರು ಎಣ್ಣೆಯನ್ನು ಕೊಂಡೊಯ್ಯುವುದು. ತಲೆಯೇನೋ ಶುಭ್ರವಾಯಿತು, ಎಣ್ಣೆ ಎಲ್ಲಿಗೆ ಹೋಯಿತು? ಬಚ್ಚಲಿಗೆ ಹೋಯಿತೆಂದು ಹೇಳಿ ನಾವು ಸುಮ್ಮನಾಗುವೆವು. ಇದೇ ಪ್ರಶ್ನೆಯನ್ನು ಕಡಲಿನ ವಿಷಯದಲ್ಲಿ ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ.

ತೈಲವನ್ನು ಸಾಗಿಸುವ ಹಡಗು ಒಡೆದಾಗ ಕಚ್ಚಾ ತೈಲವು ನೀರಿಗಿಂತ ಹಗುರವಾದುದರಿಂದ ಮೇಲೆ ತೇಲಿ ತೆಳುವಾಗಿ ಹರಡುವುದು. ಗಾಳಿ ಅದನ್ನು ದಡಕ್ಕೆ ತಳ್ಳುವುದು. ಕಡಲಹಕ್ಕಿಗಳ ಗರಿಗೆ ಎಣ್ಣೆ ಮೆತ್ತಿಕೊಂಡರೆ ಗರಿಯೊಳಗಿನ ಗಾಳಿಯ ಪದರ ಕೆಟ್ಟು, ಅವು ಚಳಿಗೆ ಸಿಕ್ಕಿ ಸಾಯುವುವು. ದಡದ ಗಿಡಗಳ ಬೇರುಗಳಿಗೂ ಉಸಿರು ಕಟ್ಟುವುದು. ಇದನ್ನು ತಡೆಯಲು ವಿಮಾನದಿಂದಲೋ ಹಡಗಿನಿಂದಲೋ ಒಂದು ರಾಸಾಯನಿಕ ದ್ರವವನ್ನು ಎಣ್ಣೆಯ ಮೇಲೆ ಸಿಂಪಡಿಸುವುದುಂಟು. ಡಿಸ್ಪರ್ಸೆಂಟ್ ಎಂಬ ಹೆಸರಿನ ಈ ದ್ರವವನ್ನು ನಾವು ಚದರಿಸುವ ದ್ರವವೆಂದು ಕರೆಯೋಣ.

ಅದರ ಕೆಲಸ ಸೀಗೆಪುಡಿಯ ಕೆಲಸದಂತೆಯೇ. ಅದರ ಮುಖ್ಯ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆಗೆ ನೀರು ಪ್ರಿಯ, ಬಾಲಕ್ಕೆ ಎಣ್ಣೆ ಪ್ರಿಯ. ಇಂತಹ ಅಣುಗಳು ನೀರು ಎಣ್ಣೆಗಳ ನಡುವಣ ಗಡಿಯಲ್ಲಿ ಸಾಲುಗಟ್ಟಿ ನಿಂತು ಅಲ್ಲಿನ ಕರ್ಷಣವನ್ನು ತಗ್ಗಿಸುವುವು. ಆಗ ಅಲೆಯ ಹೊಡೆತಕ್ಕೆ ಎಣ್ಣೆಯ ಪದರ ಸುಲಭವಾಗಿ ಒಡೆದು ಸಣ್ಣ ಹನಿಗಳಾಗುವುದು.

ಈ ಸಣ್ಣತನದ ಮಹತ್ವವನ್ನು ಲೆಕ್ಕದಿಂದಲೇ ತಿಳಿಯೋಣ. 0.1 ಮಿಲಿಮೀಟರ್ ವ್ಯಾಸದ ಒಂದು ಹನಿ 0.01 ಮಿಲಿಮೀಟರ್ ವ್ಯಾಸದ ಹನಿಗಳಾಗಿ ಒಡೆಯಿತೆನ್ನೋಣ. ಹನಿಗಳ ಸಂಖ್ಯೆ 1,000 ಆಗುವುದು; ಒಟ್ಟು ಮೇಲ್ಮೈ 10 ಪಟ್ಟಾಗುವುದು. ಎಣ್ಣೆಯನ್ನೇ ಆಹಾರವಾಗಿ ಬಳಸಬಲ್ಲ ಬ್ಯಾಕ್ಟೀರಿಯಗಳಿಗೆ ಅಷ್ಟು ಹೆಚ್ಚು ಜಾಗ ದೊರೆಯಿತು. ಇನ್ನು ಸ್ಟೋಕ್ಸನ ನಿಯಮದಂತೆ ಹನಿ ಮೇಲೇರುವ ವೇಗ ವ್ಯಾಸದ ವರ್ಗವನ್ನು ಅವಲಂಬಿಸಿರುವುದರಿಂದ ಅದು ನೂರರಲ್ಲೊಂದು ಪಾಲಿಗೆ ಇಳಿಯುವುದು. ನೀರಿಗಿಂತ ಒಂದು ಘನ ಸೆಂಟಿಮೀಟರಿಗೆ 0.15 ಗ್ರಾಂ ಹಗುರವಾದ ಎಣ್ಣೆಯಾದರೆ, ದೊಡ್ಡ ಹನಿ ಒಂದು ಗಂಟೆಗೆ ಸುಮಾರು ಮೂರು ಮೀಟರ್ ಏರುವುದು. ಸಣ್ಣ ಹನಿ ಇಡೀ ದಿನದಲ್ಲಿ ಒಂದು ಮೀಟರನ್ನೂ ಏರದು. ಅಷ್ಟರಲ್ಲಿ ಅಲೆಗಳೂ ಪ್ರವಾಹಗಳೂ ಅದನ್ನು ನೀರಿನೊಳಗೇ ಕಲಸಿ ದೂರ ಒಯ್ದಿರುವುವು.

ಹೀಗೆ ಮೇಲಿನ ಕಪ್ಪು ಪದರ ಕಣ್ಮರೆಯಾಯಿತು. ಆದರೆ ಒಂದು ತೊಟ್ಟು ಎಣ್ಣೆಯೂ ಕಡಲನ್ನು ಬಿಟ್ಟು ಹೋಗಿಲ್ಲವೆಂಬುದನ್ನು ಮರೆಯಬಾರದು. ಮೇಲಿದ್ದುದು ಒಳಕ್ಕಿಳಿಯಿತು, ಅಷ್ಟೆ. ಮೇಲಿನ ಹಕ್ಕಿಗೆ ಬಂದಿದ್ದ ಆಪತ್ತು ಒಳಗಿನ ಮೀನಿನ ಮೊಟ್ಟೆಗೆ ಬರಬಹುದು.

ಈ ಪಾಠವನ್ನು ಜಗತ್ತು ಮೊದಲು ಕಲಿತದ್ದು ಇಂಗ್ಲೆಂಡಿನ ಕರಾವಳಿಯಲ್ಲಿ. 1967ರ ಮಾರ್ಚ್ 18ರಂದು ಟೊರಿ ಕ್ಯಾನ್ಯನ್ ಎಂಬ ಹಡಗು ಕಾರ್ನ್‌ವಾಲಿನ ಬಳಿ ಬಂಡೆಗೆ ಬಡಿಯಿತು. ಅದರಲ್ಲಿದ್ದುದು ಸುಮಾರು 1,20,000 ಟನ್ ಕಚ್ಚಾ ತೈಲ. ಗಾಬರಿಗೊಂಡ ಜನ ಕಡಲಿಗೂ ದಡದ ಬಂಡೆಗಳಿಗೂ ಸುಮಾರು 10,000 ಟನ್ ಮಾರ್ಜಕವನ್ನು ಸುರಿದರು. ಅದರಲ್ಲಿ ಬೆರೆಸಿದ್ದ ದ್ರಾವಕ ಬಲು ವಿಷಕರವಾಗಿತ್ತು. ಬಂಡೆಗೆ ಕಚ್ಚಿಕೊಂಡು ಪಾಚಿಯನ್ನು ಮೇಯುವ ಲಿಂಪೆಟ್ ಎಂಬ ಚಿಪ್ಪುಜೀವಿಗಳು ರಾಶಿರಾಶಿಯಾಗಿ ಸತ್ತುವು. ಮೇಯುವವರಿಲ್ಲದೆ ಬಂಡೆಗಳನ್ನೆಲ್ಲ ಹಸುರು ಪಾಚಿ ಮುಚ್ಚಿತು. ಪ್ಲಿಮತ್ತಿನ ವಿಜ್ಞಾನಿಗಳು ಮುಂದಿನ ವರ್ಷಗಳಲ್ಲಿ ಕಂಡುದೇನೆಂದರೆ, ಎಣ್ಣೆ ಮಾತ್ರ ಬಿದ್ದಿದ್ದ ಬಂಡೆಗಳು ಎರಡು ಮೂರು ವರ್ಷಗಳಲ್ಲಿ ಚೇತರಿಸಿಕೊಂಡುವು. ಮಾರ್ಜಕವನ್ನು ಧಾರಾಳವಾಗಿ ಸುರಿದ ಕಡೆ ಅದಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಮದ್ದೇ ರೋಗಕ್ಕಿಂತ ಘೋರವಾಯಿತು.

ಹಾಗಾದರೆ ಈ ದ್ರವವನ್ನು ಬಳಸಲೇಬಾರದೆ? ಅವಸರದ ತೀರ್ಮಾನ ಬೇಡ. 1984ರಲ್ಲಿ ಪನಾಮಾ ದೇಶದ ಕೆರಿಬಿಯನ್ ಕರಾವಳಿಯಲ್ಲಿ ವಿಜ್ಞಾನಿಗಳು ಬೇಕೆಂದೇ ಒಂದು ಪ್ರಯೋಗ ಮಾಡಿದರು. ಕಾಂಡ್ಲಾ ಗಿಡಗಳೂ ಹವಳದ ದಿಬ್ಬಗಳೂ ಇದ್ದ ಒಂದೆಡೆ ಬರಿಯ ಎಣ್ಣೆಯನ್ನೂ, ಇನ್ನೊಂದೆಡೆ ಹೊಸ ಬಗೆಯ ಚದರಿಸುವ ದ್ರವ ಬೆರೆತ ಎಣ್ಣೆಯನ್ನೂ ಬಿಟ್ಟರು. ದ್ರವ ಬೆರೆತ ಕಡೆ ಹವಳ ಮೊದಲು ತೀವ್ರವಾಗಿ ನೊಂದಿತು; ಆದರೆ ಹತ್ತು ವರ್ಷಗಳಲ್ಲಿ ಚೇತರಿಸಿಕೊಂಡಿತು. ಬರಿಯ ಎಣ್ಣೆ ಬಿದ್ದ ಕಡೆ ಹವಳ ಬಹುಮಟ್ಟಿಗೆ ಉಳಿಯಿತು. ಕಾಂಡ್ಲಾ ಮರಗಳು ಸತ್ತುವು. ಒಂದನ್ನು ಉಳಿಸಲು ಇನ್ನೊಂದನ್ನು ಒಡ್ಡಬೇಕಾಯಿತು.

2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ಅಟ್ಟಣೆ ಸ್ಫೋಟಿಸಿ 11 ಜನ ಮಡಿದರು. ಆಗ ಬಳಸಿದ ದ್ರವ ಸುಮಾರು 70 ಲಕ್ಷ ಲೀಟರ್. ಅದರಲ್ಲಿ ಸುಮಾರು 29 ಲಕ್ಷ ಲೀಟರನ್ನು 1,500 ಮೀಟರ್ ಆಳದಲ್ಲಿ, ತೈಲಬಾವಿಯ ಬಾಯಲ್ಲೇ ಸೇರಿಸಿದರು. ಸೇರಿಸುವುದನ್ನು ನಿಲ್ಲಿಸಿ ಎರಡು ತಿಂಗಳಾದ ಮೇಲೂ ಅದರ ಒಂದು ಅಂಶ ಆಳದ ನೀರಿನಲ್ಲಿ, ಬಾವಿಯಿಂದ 300 ಕಿಲೋಮೀಟರ್ ದೂರದವರೆಗೂ ಅಲ್ಪ ಪ್ರಮಾಣದಲ್ಲಿ ದೊರೆಯಿತು. ಅಷ್ಟು ಆಳದಲ್ಲಿ ಸೇರಿಸಿದುದರಿಂದ ಎಷ್ಟು ಪ್ರಯೋಜನವಾಯಿತೆಂಬ ವಿಷಯದಲ್ಲಿ ವಿಜ್ಞಾನಿಗಳು ಇನ್ನೂ ಒಮ್ಮತಕ್ಕೆ ಬಂದಿಲ್ಲ.

ಇಂದಿನ ದ್ರವಗಳು 1967ರವುಗಳಷ್ಟು ವಿಷಕರವಲ್ಲ. ಬಳಸುವ ರೀತಿಯೂ ಬದಲಾಗಿದೆ. ನೀರು ಆಳವಾಗಿರಬೇಕು, ದಡ ದೂರವಿರಬೇಕು, ಕಲಸಲು ಅಲೆಗಳಿರಬೇಕು. ಬೇಗ ಸಿಂಪಡಿಸಬೇಕು, ತಡವಾದರೆ ಎಣ್ಣೆ ನೀರನ್ನು ಹೀರಿ ಮಂದವಾದ ಮುದ್ದೆಯಾಗುವುದು, ಆಗ ದ್ರವ ಅದರೊಳಕ್ಕೆ ಇಳಿಯದು. ಹವಳದ ದಿಬ್ಬದ ಬಳಿ, ಮೀನು ಮೊಟ್ಟೆಯಿಡುವ ಆಳವಿಲ್ಲದ ನೀರಿನಲ್ಲಿ ಕೈ ತಡೆಯಬೇಕು.

ಇವನ್ನೆಲ್ಲ ತೂಗಿ ನೋಡಲು ಅಪಘಾತದ ದಿನ ಸಿಗುವುದು ಕೆಲವೇ ಗಂಟೆಗಳು. ಆದುದರಿಂದ ಯಾವ ತೀರದಲ್ಲಿ ಏನನ್ನು ಮೊದಲು ಕಾಯಬೇಕೆಂಬುದು ಹಡಗು ಒಡೆಯುವ ಮೊದಲೇ ನಿಶ್ಚಯವಾಗಿರಬೇಕು. ನಮ್ಮ ಮನೆಯ ನೀರು ಬಚ್ಚಲಿನಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಹೋದೀತು. ಕಡಲಿಗೆ ಬೇರೆ ಬಚ್ಚಲಿಲ್ಲ.